ಮಾತು ನಿಲ್ಲುವ ಮುನ್ನ ಕೇಳಿಟ್ಟುಕೊಳ್ಳಿ: ನರರೋಗ ಇರುವವರಿಗೆ ಮನೆಯಲ್ಲಿ ಉಪಶಾಮಕ ಆರೈಕೆ

ಕ್ಯಾನ್ಸರ್ ಇರುವವರು ಕೊನೆಯ ವಾರದವರೆಗೂ ತಮಗೇನು ಬೇಕು, ಏನು ಬೇಡ ಎಂದು ಸಾಮಾನ್ಯವಾಗಿ ತಾವೇ ಹೇಳಬಲ್ಲರು. ಮೋಟಾರ್ ನ್ಯೂರಾನ್ ಕಾಯಿಲೆ (ಸ್ನಾಯುಗಳನ್ನು ನಡೆಸುವ ನರಗಳು ಸೋಲುತ್ತಾ ಹೋಗುವ ರೋಗ), ಪಾರ್ಕಿನ್ಸನ್, ಮರೆವಿನ ಕಾಯಿಲೆ, ದೊಡ್ಡ ಪಾರ್ಶ್ವವಾಯು ಆದವರಿಗೆ ಆ ಅನುಕೂಲ ಇರುವುದಿಲ್ಲ. ಮಾತೋ ನೆನಪೋ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೊದಲೇ ಹೋಗಿಬಿಡುತ್ತದೆ. ಉಪಶಾಮಕ ಆರೈಕೆ, ಇಂಗ್ಲಿಷಿನಲ್ಲಿ ಪ್ಯಾಲಿಯೇಟಿವ್, ಅಂದರೆ ರೋಗ ವಾಸಿಯಾಗದಿದ್ದರೂ ನೋವು, ಸಂಕಟ ತಗ್ಗಿಸುವ ಆರೈಕೆ. 'ಇನ್ನೇನೂ ಮಾಡೋಕಾಗಲ್ಲ ಅಂದಮೇಲೆ ಪ್ಯಾಲಿಯೇಟಿವ್' ಎಂಬ ಲೆಕ್ಕ ಅದಕ್ಕೇ ಇಲ್ಲಿ ಕೈಕೊಡುತ್ತದೆ. ರೋಗ ಇಂಥದ್ದು ಎಂದು ಗೊತ್ತಾದ ಕೆಲವೇ ತಿಂಗಳಲ್ಲಿ ಈ ಆರೈಕೆ ಶುರುವಾಗಬೇಕು. ನರರೋಗದ ಔಷಧಿಯೂ ಅದರ ಜೊತೆಗೇ ನಡೆಯುತ್ತಿರಲಿ.

ಬೆಂಗಳೂರಿನಲ್ಲಿ ಇದಕ್ಕೆ ಮೊದಲ ಬಾಗಿಲು ಹೊಸೂರು ರಸ್ತೆಯ ನಿಮ್ಹಾನ್ಸ್. ಅಲ್ಲಿನ ನರರೋಗ ಹೊರರೋಗಿ ವಿಭಾಗದಲ್ಲಿ ತೋರಿಸುತ್ತಿದ್ದರೆ, ಪ್ಯಾಲಿಯೇಟಿವ್ ತಂಡಕ್ಕೂ ಬರೆದುಕೊಡಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಆ ಜನಸಂದಣಿಯಲ್ಲಿ ವಿಷಯವೇ ಎದ್ದುಬರದೆ ಹೋಗಬಹುದು. ಸೇಂಟ್ ಜಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲೂ ನೋವು ಮತ್ತು ಉಪಶಾಮಕ ಆರೈಕೆಯ ವೈದ್ಯರಿದ್ದಾರೆ. ಮಾರತ್ತಹಳ್ಳಿ ಬಳಿಯ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ ನಿಜ, ಆದರೆ ಅದು ಮುಖ್ಯವಾಗಿ ಮುಂದುವರಿದ ಕ್ಯಾನ್ಸರ್ ಇರುವವರಿಗಾಗಿ ಕಟ್ಟಿದ್ದು. ರೋಗಿಯನ್ನು ಕಾರಿನಲ್ಲಿ ಕೂರಿಸಿ ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿ.

ಮೊದಲು ಕೇಳಬೇಕಾದ ನಾಲ್ಕು ಮಾತು

ಮನೆಯವರು ಹಿಂದೆಗೆಯುವುದು ಇಲ್ಲೇ. 'ಅಪ್ಪನ ಮುಂದೆ ಅಂಥ ಮಾತು ಹೇಗೆ ಎತ್ತೋದು' ಎಂದು ಮುಂದೂಡುತ್ತಾ ಹೋದರೆ ಕಡೆಗೆ ತುರ್ತು ವಿಭಾಗದಲ್ಲಿ ರಾತ್ರಿ ಎರಡು ಗಂಟೆಗೆ, ಯಾವತ್ತೂ ನೋಡದ ಡಾಕ್ಟರ ಎದುರು ಮಗನೋ ಸೊಸೆಯೋ ತೀರ್ಮಾನ ಮಾಡಬೇಕಾಗುತ್ತದೆ. ಕೇಳಬೇಕಾದ್ದು ಇಷ್ಟೇ: ಬಾಯಲ್ಲಿ ನುಂಗಲಾಗದಿದ್ದರೆ ಹೊಟ್ಟೆಗೆ ಆಹಾರ ಬಿಡುವ ನಳಿಗೆ ಬೇಕೇ? ಉಸಿರಾಟ ಸೋತರೆ ಮುಖಕ್ಕೆ ಹಾಕುವ ಮಾಸ್ಕಿನವರೆಗೆ ಸಾಕೇ, ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಹಾಕುವವರೆಗೂ ಹೋಗಬೇಕೇ? ಕೊನೆಗೆ ಎಲ್ಲಿರಬೇಕು, ಮನೆಯಲ್ಲೋ ಆಸ್ಪತ್ರೆಯಲ್ಲೋ? ನಿಮ್ಮ ಪರವಾಗಿ ಮಾತಾಡುವವರು ಯಾರು? ಒಂದೇ ದಿನ ನಾಲ್ಕನ್ನೂ ಕೇಳಿ ಮುಗಿಸುವ ಅವಸರ ಬೇಡ. ಕೊನೆಯ ಪ್ರಶ್ನೆಯಿಂದ ಶುರು ಮಾಡಿದರೆ ಉಳಿದವಕ್ಕೆ ದಾರಿಯಾಗುತ್ತದೆ.

ಉತ್ತರವನ್ನು ಕಾನೂನುಬದ್ಧವಾಗಿ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಮುಂಗಡ ವೈದ್ಯಕೀಯ ನಿರ್ದೇಶನದ ವಿಧಾನವನ್ನು 2023ರ ಜನವರಿಯಲ್ಲಿ ಅದೇ ಕೋರ್ಟು ಸರಳ ಮಾಡಿದೆ. ಸ್ವಸ್ಥ ಮನಸ್ಸಿನ ವಯಸ್ಕರು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು, ಮ್ಯಾಜಿಸ್ಟ್ರೇಟರ ಮೇಲುಸಹಿ ಈಗ ಬೇಕಿಲ್ಲ. ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಸಹಿ ಮಾಡಲು ಕೈ ಓಡಬೇಕು, 'ಮನಸ್ಸು ಸ್ವಸ್ಥವಾಗಿತ್ತು' ಎಂಬುದರಲ್ಲಿ ಅನುಮಾನ ಇರಬಾರದು. ಮರೆವಿನ ಕಾಯಿಲೆಯಲ್ಲಿ ಇದಕ್ಕೆ ಸಿಗುವ ಕಾಲ ತೀರಾ ಕಡಿಮೆ. ಅದರ ಒಂದು ಪ್ರತಿಯನ್ನು ಫೈಲಿನ ಮೇಲ್ಗಡೆಯೇ ಇಡಿ, ಇನ್ನೊಂದನ್ನು ಮನೆಯ ಡಾಕ್ಟರಿಗೆ ಕೊಡಿ. ಬೀರುವಿನ ಒಳಗಿದ್ದರೆ ಬರೆದೂ ಬರೆಯದ ಹಾಗೆ.

ಊಟ: ಸಾರನ್ನವೇ ಹೆಚ್ಚು ಕಷ್ಟ

ನುಂಗುವ ಶಕ್ತಿ ಕುಂದಿದೆ ಎಂಬುದಕ್ಕೆ ಗುರುತುಗಳಿವೆ. ನೀರು ಕುಡಿದಾಗ ಕೆಮ್ಮು ಬರುತ್ತದೆ. ಊಟವಾದ ಮೇಲೆ ದನಿ ಒದ್ದೆಯಾಗಿ, ಗೊರಗೊರ ಎನ್ನುತ್ತದೆ. ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ತೂಕ ಇಳಿಯುತ್ತದೆ, ಕಾರಣವಿಲ್ಲದೆ ಪದೇ ಪದೇ ಜ್ವರ ಬರುತ್ತದೆ. ಕೆಮ್ಮದೇ ಇರುವವರು ಸುರಕ್ಷಿತ ಎಂದುಕೊಳ್ಳಬೇಡಿ. ಪಾರ್ಕಿನ್ಸನ್ ಮತ್ತು ಪಾರ್ಶ್ವವಾಯುವಿನಲ್ಲಿ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುವುದುಂಟು.

ತೆಳು ಪದಾರ್ಥ ಓಡುವಷ್ಟು ವೇಗದಲ್ಲಿ ಸೋತ ಗಂಟಲು ಮುಚ್ಚಿಕೊಳ್ಳುವುದಿಲ್ಲ. ನೀರು, ಕಾಫಿ, ಮಜ್ಜಿಗೆ ಕಷ್ಟವಾಗುವುದು ಅದಕ್ಕೆ. ನಮ್ಮ ಮನೆಗಳಲ್ಲಿ ಹುಷಾರಿಲ್ಲದವರಿಗೆ ಮೊದಲು ಕೊಡುವುದೇ ಸಾರನ್ನ. ಈ ರೋಗಿಗಳಿಗೆ ಅದಕ್ಕಿಂತ ಕಷ್ಟದ ಊಟ ಇನ್ನೊಂದಿಲ್ಲ: ಅಗುಳು ಅಗಿಯುವಷ್ಟರಲ್ಲಿ ಸಾರು ತಾನಾಗಿ ಹಿಂದಕ್ಕೆ ಜಾರಿರುತ್ತದೆ. ಮುದ್ದೆಯೂ ಅಷ್ಟೇ. ಅದನ್ನು ಅಗಿಯದೆ ನುಂಗಲು ನಾಲಿಗೆ ಜೋರಾಗಿ ತಳ್ಳಬೇಕು, ಜೊತೆಗೆ ತೆಳು ಸಾರು ಬೇರೆ. ಮಂಡಕ್ಕಿ, ಒಣ ಉಪ್ಪಿಟ್ಟು, ಚಕ್ಕುಲಿ ಬೇಡ. ಹೊಂದುವುದು ಒಂದೇ ಹದವಾಗಿರುವ ಪದಾರ್ಥ: ಕಾಳುಮೆಣಸು, ಗೋಡಂಬಿ ಇಲ್ಲದ ಪೊಂಗಲ್, ಗಟ್ಟಿ ತೊವ್ವೆಯಲ್ಲಿ ನೆನೆಸಿ ಹಿಸುಕಿದ ಇಡ್ಲಿ, ಒಗ್ಗರಣೆ ಹಾಕದೆ ನುಣ್ಣಗೆ ಕಿವುಚಿದ ಮೊಸರನ್ನ, ಹಿಸುಕಿದ ಬಾಳೆಹಣ್ಣು, ಗಂಟಿಲ್ಲದ ರಾಗಿ ಗಂಜಿ.

'ಗಟ್ಟಿ' ಎಂದರೆ ಎಷ್ಟು ಗಟ್ಟಿ? ಅಡುಗೆಮನೆಯಲ್ಲೇ ಅಳೆಯಬಹುದು. 10 ಮಿ.ಲೀ. ಸಿರಿಂಜ್ ತೆಗೆದುಕೊಳ್ಳಿ. ಅದರ ಮೇಲಿನ ಸೊನ್ನೆಯಿಂದ 10ರ ಗೆರೆಯವರೆಗೆ ಉದ್ದ ಸುಮಾರು 61 ಮಿ.ಮೀ. ಇರಬೇಕು. ಸೂಜಿ ಬೇಡ, ಒಳಗಿನ ದಂಡವನ್ನೂ ತೆಗೆದಿಡಿ. ತುದಿಗೆ ಬೆರಳೊತ್ತಿ 10ರ ಗೆರೆವರೆಗೆ ದ್ರವ ತುಂಬಿ, ಬೆರಳು ತೆಗೆದು ಸರಿಯಾಗಿ 10 ಸೆಕೆಂಡಿಗೆ ಮತ್ತೆ ಮುಚ್ಚಿ. ಉಳಿದದ್ದು 1ರಿಂದ 4 ಮಿ.ಲೀ. ಆದರೆ ಒಂದನೇ ಹದ, 4ರಿಂದ 8 ಆದರೆ ಎರಡನೆಯದು, 8ಕ್ಕಿಂತ ಹೆಚ್ಚಾದರೆ ಮೂರನೆಯದು. ನೀರಾದರೆ ಹೆಚ್ಚುಕಮ್ಮಿ ಪೂರ್ತಿ ಇಳಿದುಹೋಗುತ್ತದೆ. ನಿಮ್ಮವರಿಗೆ ಯಾವ ಹದ ಎಂದು ನುಂಗುವಿಕೆ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಹೇಳುತ್ತಾರೆ. ದಿನಾ ಅದೇ ಹದ ಬರುವ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ರಾಗಿಯಲ್ಲಿ ಒಂದು ಸೂಕ್ಷ್ಮವಿದೆ. ಮೊಳಕೆ ಕಟ್ಟಿ ಮಾಡಿದ ಹಿಟ್ಟಿನ ಗಂಜಿ ಎಷ್ಟು ಹಾಕಿದರೂ ತೆಳುವಾಗಿಯೇ ಇರುತ್ತದೆ, ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ. ನಳಿಗೆಯಲ್ಲಿ ಕೊಡಲು ಅದು ಚೆನ್ನ, ಚಮಚದಲ್ಲಿ ತಿನ್ನಿಸಲು ಮೊಳಕೆ ಕಟ್ಟದ ಸಾದಾ ಹಿಟ್ಟು ಸರಿ. ಎಂಜಲಿನಲ್ಲೂ ಅದೇ ಬಗೆಯ ಕಿಣ್ವವಿದೆ. ಬಾಯಿಗೆ ಹೋದ ಚಮಚವನ್ನೇ ಬಟ್ಟಲಿಗೆ ಅದ್ದುತ್ತಿದ್ದರೆ ಊಟ ಮುಗಿಯುವುದರೊಳಗೆ ತಳದ ಗಂಜಿ ನೀರಾಗಿರುತ್ತದೆ, ಕೊನೆಯ ತುತ್ತುಗಳಿಗೇ ಕೆಮ್ಮು ಶುರುವಾಗುತ್ತದೆ. ದೊಡ್ಡ ಬಟ್ಟಲಿನಿಂದ ಸಣ್ಣ ಲೋಟಕ್ಕೆ ಸ್ವಲ್ಪ ಸ್ವಲ್ಪ ಬಗ್ಗಿಸಿಕೊಂಡು ತಿನ್ನಿಸಿ.

ನೆಟ್ಟಗೆ ಕೂರಿಸಿ, ಕಾಲು ನೆಲಕ್ಕೋ ಮಣೆಗೋ ತಾಗಲಿ, ಗದ್ದ ತುಸು ಕೆಳಗಿರಲಿ. ತಿನ್ನಿಸುವವರೂ ಕೂತಿರಬೇಕು. ನೀವು ನಿಂತರೆ ಅವರು ಮುಖ ಎತ್ತುತ್ತಾರೆ, ಆಗ ಶ್ವಾಸದ ದಾರಿ ತೆರೆದುಕೊಳ್ಳುತ್ತದೆ. ಟೀ ಚಮಚದಲ್ಲಿ ಅರ್ಧ ಸಾಕು. ಗಂಟಲಿನ ಗಂಟು ಮೇಲೆ ಹೋಗಿ ಇಳಿದ ಮೇಲೆ ಇನ್ನೊಂದು ಸಲ ನುಂಗಲು ಹೇಳಿ, ಆಮೇಲೆ ಮುಂದಿನ ತುತ್ತು. ಪಾರ್ಶ್ವವಾಯು ಆದ ಕಡೆಯ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ಎಂದು ಬೆರಳಿಗೆ ಬಟ್ಟೆ ಸುತ್ತಿ ನೋಡಿ. ಧಾರಾವಾಹಿ ಹಾಕಿಕೊಂಡು ತಿನ್ನಿಸಬೇಡಿ. ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ದಿನಕ್ಕೆರಡು ಸಲ ಹಲ್ಲು, ನಾಲಿಗೆ ಉಜ್ಜಿ. ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ನಳಿಗೆ ಹಾಕಿದ್ದರೆ

ಮೂಗಿನ ನಳಿಗೆಯ ಮೇಲೆ ಸೆಂಟಿಮೀಟರ್ ಗುರುತುಗಳಿರುತ್ತವೆ. ಹಾಕಿದ ದಿನ ಮೂಗಿನ ಹೊಳ್ಳೆಯ ಬಳಿ ಎಷ್ಟಿತ್ತು ಎಂದು ಬರೆದು ಗೋಡೆಗೆ ಅಂಟಿಸಿ. ಪ್ರತಿ ಸಲ ಉಣಿಸುವ ಮೊದಲು ಅದನ್ನು ನೋಡಿ, ಸಿರಿಂಜಿನಿಂದ ಹೊಟ್ಟೆಯ ರಸ ಎಳೆದು ನೋಡಿ. ಗಾಳಿ ಊದಿ ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ. ನಳಿಗೆ ಶ್ವಾಸಕೋಶದಲ್ಲಿದ್ದರೂ ಸದ್ದು ಬರುತ್ತದೆ. ಗುರುತು ಜರುಗಿದ್ದರೆ, ಕೆಮ್ಮು ಬರುತ್ತಿದ್ದರೆ ಒಂದು ಹನಿಯೂ ಹಾಕದೆ ನರ್ಸಿಗೆ ತೋರಿಸಿ.

ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಿ. ಮೊದಲು 30 ಮಿ.ಲೀ. ಕುದಿಸಿ ಆರಿಸಿದ ನೀರು, ಆಮೇಲೆ ಸೋಸಿದ ಗಂಜಿಯೋ ಹಾಲೋ 200ರಿಂದ 250 ಮಿ.ಲೀ., ಕೊನೆಗೆ ಮತ್ತೆ 30 ಮಿ.ಲೀ. ನೀರು. ಸಿರಿಂಜನ್ನು ಎತ್ತಿ ಹಿಡಿದರೆ ಅದಾಗಿಯೇ ಇಳಿಯುತ್ತದೆ. ಹೊತ್ತಾಯಿತೆಂದು ದಂಡದಿಂದ ಒತ್ತಿದರೆ ವಾಂತಿಯಾಗುತ್ತದೆ. ಮಾತ್ರೆಗಳನ್ನು ಒಟ್ಟಿಗೆ ಅರೆದು ಹಾಕಿದರೆ ನಳಿಗೆ ಕಟ್ಟಿಕೊಳ್ಳುತ್ತದೆ. ಒಂದೊಂದಾಗಿ ಹಾಕಿ, ನಡುವೆ 10 ಮಿ.ಲೀ. ನೀರು ಬಿಡಿ.

ಹೊಟ್ಟೆಗೇ ಹಾಕುವ ಪೆಗ್ ನಳಿಗೆಯ ವಿಷಯದಲ್ಲಿ ರೋಗಕ್ಕೆ ತಕ್ಕಂತೆ ಉತ್ತರ ಬೇರೆ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಬೇಕೆಂದು ನಿರ್ಧರಿಸಿದರೆ ಉಸಿರಾಟದ ಸಾಮರ್ಥ್ಯ 50 ಶೇಕಡಾಕ್ಕಿಂತ ಇಳಿಯುವ ಮೊದಲೇ ಮಾಡಿಸಿ, ಆಮೇಲೆ ಅಪಾಯ ಹೆಚ್ಚು. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ನಳಿಗೆಯಿಂದ ಆಯಸ್ಸು ಹೆಚ್ಚುವುದಿಲ್ಲ, ನ್ಯುಮೋನಿಯಾ ತಪ್ಪುವುದೂ ಇಲ್ಲ. ಕಿತ್ತೆಸೆಯುತ್ತಾರೆಂದು ಕೈ ಕಟ್ಟಿಹಾಕುವ ಪರಿಸ್ಥಿತಿ ಬರುತ್ತದೆ. ಅಲ್ಲಿ ಅವರು ಬಾಯಿ ತೆರೆದಾಗ, ತೆರೆದಷ್ಟು, ಕೈಯಿಂದ ತಿನ್ನಿಸುವುದೇ ಮೇಲು. 'ಹೊಟ್ಟೆಗೆ ಹಾಕದೆ ಸಾಯಿಸಿದರು' ಎಂದು ನೆಂಟರು ಅಂದಾರು. ಅವರಿಗೆ ಉತ್ತರ ಹೇಳುವ ಕೆಲಸವನ್ನು ಡಾಕ್ಟರಿಗೇ ಬಿಡಿ.

ಪಾರ್ಕಿನ್ಸನ್ ಮಾತ್ರೆಯ ಗಡಿಯಾರ

ಲೆವೊಡೋಪಾ, ಅಂದರೆ ಅಂಗಡಿಯಲ್ಲಿ ಸಿಗುವ ಸಿಂಡೋಪಾದಂಥ ಮಾತ್ರೆಗಳು, ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು. ಬೇಳೆ, ಹಾಲು, ಮೊಸರಿನ ಪ್ರೋಟೀನು ಕರುಳಿನಲ್ಲಿ ಅದರ ದಾರಿಗೇ ಅಡ್ಡ ಬರುತ್ತದೆ. ಒಂದು ಡೋಸ್ ಒಂದು ಗಂಟೆ ತಡವಾದರೂ ಮೈ ಮರಗಟ್ಟಿ, ನುಂಗಲೂ ಆಗದೆ ಮುಂದಿನ ಮಾತ್ರೆಯೇ ಇಳಿಯದ ಸ್ಥಿತಿ ಬರಬಹುದು. ನುಂಗಲಾಗುತ್ತಿಲ್ಲ ಎಂದು ಒಮ್ಮೆಲೇ ನಿಲ್ಲಿಸುವುದು ಅಪಾಯ, ತೀವ್ರ ಜ್ವರ ಮತ್ತು ಬಿಗಿತ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಸಾದಾ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ನಳಿಗೆಯಲ್ಲಿ ಕೊಡಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು, ಹೆಸರಿನ ಕೊನೆಗೆ ಸಿಆರ್ ಎಂದಿರುವುದನ್ನು, ಪುಡಿ ಮಾಡಬಾರದು. ಬದಲಿ ಬರೆಸಿಕೊಳ್ಳಿ.

ಇನ್ನೊಂದು ವಿಷಯವನ್ನು ಫೈಲಿನ ಮುಖಪುಟದ ಮೇಲೆ ಕೆಂಪು ಶಾಯಿಯಲ್ಲಿ ಬರೆಯಿರಿ: ವಾಂತಿಗೆ ಪೆರಿನಾರ್ಮ್, ಸ್ಟೆಮೆಟಿಲ್ ಬೇಡ; ಗಲಿಬಿಲಿಗೊಂಡರೆ ಹ್ಯಾಲೊಪೆರಿಡಾಲ್ ಬೇಡ. ಮೂರೂ ಮಿದುಳಿನಲ್ಲಿ ಡೋಪಮೈನಿಗೆ, ಅಂದರೆ ಮೈಯ ಚಲನೆಗೆ ಬೇಕಾದ ರಾಸಾಯನಿಕಕ್ಕೆ, ತಡೆಹಾಕಿ ಪಾರ್ಕಿನ್ಸನ್ ರೋಗಿಯನ್ನು ಮರಗಟ್ಟಿಸುತ್ತವೆ. ತುರ್ತು ವಿಭಾಗದಲ್ಲಿ ಇವು ಕೈಗೆಟಕುವಲ್ಲೇ ಇರುತ್ತವೆ, ಕೊಡುವವರಿಗೆ ರೋಗದ ಹಿನ್ನೆಲೆ ಗೊತ್ತಿರುವುದಿಲ್ಲ.

ಉಸಿರು, ಕಫ, ಕರೆಂಟು

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಉಸಿರಿನ ಸ್ನಾಯು ಸೋಲುತ್ತಿದೆ ಎಂಬುದು ಮೊದಲು ನಿದ್ದೆಯಲ್ಲಿ ಗೊತ್ತಾಗುತ್ತದೆ: ಅಂಗಾತ ಮಲಗಲಾಗುವುದಿಲ್ಲ, ಬೆಳಿಗ್ಗೆ ಎದ್ದಾಗ ತಲೆನೋವು, ಹಗಲೆಲ್ಲ ತೂಕಡಿಕೆ. ಆಗ ಬೇಕಾದ್ದು ಮುಖದ ಮಾಸ್ಕಿನ ಮೂಲಕ ಗಾಳಿ ಒತ್ತಿ ಕೊಡುವ ಬೈಪ್ಯಾಪ್ ಯಂತ್ರ. ಬರೀ ಆಕ್ಸಿಜನ್ ಸಿಲಿಂಡರ್ ತಂದು ಹಚ್ಚಿದರೆ ಬೆರಳಿನ ಮೀಟರಿನಲ್ಲಿ ಅಂಕಿ ಏರುತ್ತದೆ, ಒಳಗೆ ಇಂಗಾಲದ ಡೈಆಕ್ಸೈಡ್ ಶೇಖರವಾಗಿ ರೋಗಿ ಮಂಪರಿಗೆ ಜಾರುತ್ತಾರೆ.

ಜೊಲ್ಲು ತೆಳುವಾಗಿ ಸುರಿಯುತ್ತಿದ್ದರೆ ಒಣಗಿಸುವ ಔಷಧಿ ಇದೆ, ಗ್ಲೈಕೊಪೈರೊಲೇಟ್ ಅಥವಾ ನಾಲಿಗೆಯ ಕೆಳಗೆ ಅಟ್ರೋಪಿನ್ ಕಣ್ಣಿನ ಹನಿ, ಡಾಕ್ಟರು ಹೇಳಿದಷ್ಟೇ. ಕಫ ಅಂಟಂಟಾಗಿದ್ದರೆ ಅದೇ ಔಷಧಿ ಕೆಡಿಸುತ್ತದೆ. ಅಲ್ಲಿ ನೀರಿನಂಶ ಹೆಚ್ಚಿಸಿ, ಸಲೈನ್ ನೆಬ್ಯುಲೈಸ್ ಮಾಡಿ. ಮೊದಲು ಯಾವುದು ಎಂದು ನೋಡಿ. ಕಫ ಎಳೆದು ತೆಗೆಯುವ ಸಕ್ಷನ್ ಯಂತ್ರ ಬಾಡಿಗೆಗೂ ಸಿಗುತ್ತದೆ. 12 ಅಥವಾ 14 ನಂಬರಿನ ಕೊಳವೆ ಸಾಕು. ಕೊಳವೆ ಒಳಗೆ ಬಿಡುವಾಗ ಎಳೆತ ಬೇಡ, ಹೊರಗೆ ತರುವಾಗ ಮಾತ್ರ. ಒಂದು ಸಲಕ್ಕೆ 10ರಿಂದ 15 ಸೆಕೆಂಡು ಮೀರಬಾರದು, ಆ ಹೊತ್ತಿನಲ್ಲಿ ಅವರಿಗೆ ಉಸಿರೇ ಇರುವುದಿಲ್ಲ.

ಮಳೆ ಬಂದರೆ ಬೆಂಗಳೂರಿನಲ್ಲಿ ಕರೆಂಟು ಹೋಗುತ್ತದೆ. ಬೈಪ್ಯಾಪ್ ಮತ್ತು ಸಕ್ಷನ್ ಎರಡನ್ನೂ ಇನ್ವರ್ಟರಿಗೆ ಹಚ್ಚಿ, ಒಂದು ಮಧ್ಯಾಹ್ನ ಮೇನ್ ಸ್ವಿಚ್ ಆರಿಸಿ ಎಷ್ಟು ಗಂಟೆ ನಡೆಯುತ್ತದೆ ಎಂದು ನಿಜವಾಗಿಯೂ ನೋಡಿ. ಕಾಲಿನಿಂದ ಒತ್ತುವ ಸಕ್ಷನ್ ಪಂಪೊಂದು ಮಂಚದ ಕೆಳಗಿರಲಿ. ಬೆಸ್ಕಾಂ ಸಹಾಯವಾಣಿ 1912. ಫ್ಲಾಟಿನಲ್ಲಿದ್ದರೆ ಲಿಫ್ಟಿನ ಒಳಗಿನ ಉದ್ದವನ್ನೂ ಟೇಪು ಹಿಡಿದು ಅಳೆದಿಡಿ, ಎಷ್ಟೋ ಕಡೆ ಸ್ಟ್ರೆಚರ್ ಹಿಡಿಸುವುದಿಲ್ಲ.

ಉಸಿರುಗಟ್ಟುವ ಸಂಕಟಕ್ಕೆ ಕಡಿಮೆ ಪ್ರಮಾಣದ ಮಾರ್ಫಿನ್ ನಿಜಕ್ಕೂ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ 2.5 ಮಿ.ಗ್ರಾಂನಿಂದ ಶುರು, ಡಾಕ್ಟರ ಚೀಟಿಯಂತೆ. ಜೊತೆಯಲ್ಲೇ ಮಲ ಸಡಿಲಿಸುವ ಔಷಧಿ ಮೊದಲ ದಿನದಿಂದ ಬೇಕು. ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲೇ ಕೊಡುತ್ತಾರೆ. ಮುಗಿಯುವ ನಾಲ್ಕು ದಿನ ಮೊದಲೇ ಹೋಗಿ.

ಮಗ್ಗುಲು, ಮಲ, ನೋವು

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಪಕ್ಕಕ್ಕೆ ಹೊರಳಿಸದೆ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ ಮಾಡಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಮೀನಖಂಡದ ಕೆಳಗೆ ದಿಂಬಿಡಿ. ಗಾಳಿಹಾಸಿಗೆ ತಂದರೂ ಹೊರಳಿಸುವುದು ತಪ್ಪುವುದಿಲ್ಲ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಬಿಳುಪಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಆಗಲೇ ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು, ಆ ಜಾಗ ಬಿಸಿಯಾಗಿ ಗಡುಸಾಗಿದೆಯೇ ಎಂದು ಮುಟ್ಟಿ ನೋಡಿ. ಅಲ್ಲಿ ತಿಕ್ಕಬೇಡಿ, ಸ್ಪಿರಿಟ್ ಹಚ್ಚಬೇಡಿ, ಮಧ್ಯೆ ತೂತಿರುವ ರಬ್ಬರ್ ದಿಂಬು ಬೇಡವೇ ಬೇಡ.

ಮೂರು ದಿನ ಮಲ ಹೋಗದಿದ್ದರೆ ಡಾಕ್ಟರಿಗೆ ತಿಳಿಸಿ. ನೀರು ಕಡಿಮೆ ಕುಡಿಯುವವರಿಗೆ ಇಸಬ್‌ಗೋಲ್ ಕೊಟ್ಟರೆ ಒಳಗೇ ಗಟ್ಟಿಯಾಗಿ ಕೂರುತ್ತದೆ.

ಮಾತಾಡಲಾಗದವರ ನೋವನ್ನು ಮುಖದಲ್ಲಿ ಓದಬೇಕು. ಹುಬ್ಬು ಗಂಟಿಕ್ಕುವುದು, ಸ್ನಾನಕ್ಕೆ ಎತ್ತಿದಾಗ ಕೈ ಹಿಡಿದು ತಳ್ಳುವುದು, ನರಳುವುದು. ಮರೆವಿನ ರೋಗಿ 'ಹಟ ಮಾಡುತ್ತಾರೆ' ಎಂದು ನಿದ್ದೆ ಮಾತ್ರೆ ಬರೆಸುವ ಮೊದಲು ಹಲ್ಲು, ಕಟ್ಟಿದ ಮೂತ್ರ, ಮಲಬದ್ಧತೆ, ಬಿಗಿದ ಭುಜ ಇಷ್ಟನ್ನು ನೋಡಿಬಿಡಿ. ಪಾರ್ಶ್ವವಾಯು ಆದ ಕೈಯನ್ನು ಹಿಡಿದೆಳೆದು ಎಬ್ಬಿಸಿದ್ದರಿಂದಲೇ ಭುಜದ ನೋವು ಬಂದಿರುವುದು ತೀರಾ ಸಾಮಾನ್ಯ. ಬ್ಲೌಸು, ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ.

ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡಿ. ಬಾಯಿಗೆ ಏನೂ ತುರುಕಬಾರದು, ಕೈಗೆ ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ. 5 ನಿಮಿಷ ದಾಟಿದರೆ ಬರೆದುಕೊಟ್ಟಿರುವ ಮಿಡಜೋಲಾಮ್ ಮೂಗಿನ ಸ್ಪ್ರೇ ಹಾಕಿ, 108ಕ್ಕೆ ಕರೆ ಮಾಡಿ.

ಕಣ್ಣಿನಲ್ಲಿ ಕನ್ನಡ

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಕಣ್ಣಿನ ಚಲನೆ ಬಹುತೇಕ ಕೊನೆಯವರೆಗೂ ಉಳಿಯುತ್ತದೆ. ದೊಡ್ಡ ರಟ್ಟಿನ ಮೇಲೆ ವರ್ಣಮಾಲೆಯನ್ನು ಏಳು ಸಾಲಾಗಿ ಬರೆಯಿರಿ: ಸ್ವರಗಳದ್ದೊಂದು, ಕ, ಚ, ಟ, ತ, ಪ ವರ್ಗಗಳದ್ದು ಐದು, ಯ-ಇಂದ ಳ-ವರೆಗೆ ಒಂದು. ಮೇಲೆ ನೋಡಿದರೆ ಹೌದು, ಕಣ್ಣು ಮುಚ್ಚಿದರೆ ಇಲ್ಲ. ಮನೆಯಲ್ಲಿ ಎಲ್ಲರಿಗೂ ಇದೊಂದೇ ಸಂಕೇತ. 'ಕ ಸಾಲೇ? ಚ ಸಾಲೇ?' ಎಂದು ಕೇಳುತ್ತಾ ಹೋಗಿ, ಸಾಲು ಸಿಕ್ಕ ಮೇಲೆ ಅಕ್ಷರ. ಕಾಗುಣಿತ, ಒತ್ತಕ್ಷರ ಬಿಟ್ಟುಬಿಡಿ, ಇಲ್ಲದಿದ್ದರೆ ಒಂದು ಪದಕ್ಕೆ ಹತ್ತು ನಿಮಿಷ. 'ನ, ರ' ಬಂದರೆ ನೀರು. 'ತ, ರ' ಬಂದರೆ ತಿರುಗಿಸುವುದೋ ತುರಿಕೆಯೋ? ಮೂರನೆಯದು ಗ ಆದರೆ ತಿರುಗಿಸುವುದು, ಅಂದರೆ ಮಗ್ಗುಲು ಬದಲಿಸಬೇಕು; ಕ ಆದರೆ ತುರಿಕೆ. ಊಹಿಸಿದ್ದನ್ನು ಬಾಯಿಬಿಟ್ಟು ಹೇಳಿ ಹೌದೇ ಎಂದು ಕೇಳಿ. ರಟ್ಟಿನ ಬೆನ್ನಿಗೆ ಸಿದ್ಧ ಮಾತುಗಳಿರಲಿ: ಕಫ, ಸೊಳ್ಳೆ, ಫ್ಯಾನ್, ಹೆದರಿಕೆ, ಒಬ್ಬನೇ ಇರಬೇಕು. ಮಾತು ಇರುವಾಗಲೇ ಅಭ್ಯಾಸ ಶುರು ಮಾಡಿ.

ಹೋಂ ನರ್ಸ್ ಬೇರೆ ರಾಜ್ಯದವರಾಗಿದ್ದು ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದಿದ್ದರೆ, ಉಚ್ಚೆ, ನೋವು, ನೀರು, ಸಾಕು, ನಿಧಾನ ಎಂಬ ಪದಗಳನ್ನು ನರ್ಸಿನ ಲಿಪಿಯಲ್ಲಿ ಬರೆದು ಮಂಚದ ಬಳಿ ಅಂಟಿಸಿ. ನೋಡಿಕೊಳ್ಳುವ ಮನೆಯವರಿಗೂ ವಾರದಲ್ಲಿ ಎರಡು ರಾತ್ರಿ ಪೂರ್ತಿ ನಿದ್ದೆ ಸಿಗಬೇಕು. ಮನಸ್ಸು ತಡೆಯದಾದಾಗ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ದಿನಗಳು

ನಿದ್ದೆ ಹೆಚ್ಚುತ್ತದೆ, ಕೈಕಾಲು ತಣ್ಣಗಾಗುತ್ತದೆ, ಉಸಿರು ನಿಂತು ನಿಂತು ಬರುತ್ತದೆ. ಗಂಟಲ ಗೊರಗೊರ ಕೇಳುವವರಿಗೆ ಯಾತನೆ, ರೋಗಿಗೆ ಅಷ್ಟಾಗಿ ಅರಿವಿರುವುದಿಲ್ಲ. ಪಕ್ಕಕ್ಕೆ ಓರೆ ಮಾಡಿ. ಡ್ರಿಪ್ ಹಾಕಿಸಿದರೆ ಕಫವೂ ಊತವೂ ಹೆಚ್ಚುತ್ತದೆ. ಗಂಗಾಜಲ, ತುಳಸಿ ನೀರು ಬಿಡುವವರು ಚಮಚದಲ್ಲಿ ಹಾಕದೆ ಹತ್ತಿಯಲ್ಲಿ ಅದ್ದಿ ತುಟಿಗೆ, ನಾಲಿಗೆಗೆ ಸವರಲಿ. ಫಿಟ್ಸ್ ಮತ್ತು ಪಾರ್ಕಿನ್ಸನ್ ಔಷಧಿಗಳನ್ನು ನುಂಗಲಾಗದಾಗ ಯಾವ ರೂಪದಲ್ಲಿ ಮುಂದುವರಿಸಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಮನೆಯಲ್ಲೇ ತೀರಿಕೊಳ್ಳಲಿ ಎಂದು ನಿರ್ಧರಿಸಿದ್ದರೆ, ಯಾವ ಡಾಕ್ಟರು ಬಂದು ನೋಡಿ ಮರಣದ ಕಾರಣದ ಪತ್ರ ಬರೆದುಕೊಡುತ್ತಾರೆ ಎಂಬುದನ್ನು ವಾರಗಳ ಮೊದಲೇ ಮಾತಾಡಿಟ್ಟುಕೊಳ್ಳಿ. ಆಸ್ಪತ್ರೆಯ ಹೊರಗಿನ ಸಾವಿಗೆ ಅದು ನಮೂನೆ 4ಎ. ಚಿತಾಗಾರದಲ್ಲಿ ಡಾಕ್ಟರ ಪತ್ರ ಕೇಳುತ್ತಾರೆ, ಜೊತೆಗೆ ಆಧಾರ್ ಪ್ರತಿ ಇಟ್ಟುಕೊಳ್ಳಿ. ಗಾಬರಿಯಲ್ಲಿ ಆಸ್ಪತ್ರೆಗೆ ಒಯ್ದು, ದಾರಿಯಲ್ಲೇ ಪ್ರಾಣ ಹೋಗಿದ್ದರೆ ಪೊಲೀಸರಿಗೆ ತಿಳಿಸುವುದು, ಮರಣೋತ್ತರ ಪರೀಕ್ಷೆ ಎಂದೆಲ್ಲ ಆಗಬಹುದು. ನೋಂದಣಿಗೆ 21 ದಿನಗಳ ಅವಕಾಶವಿದೆ. ಮಿದುಳು ದಾನ ಮಾಡುವ ಇಚ್ಛೆ ಇದ್ದರೆ ನಿಮ್ಹಾನ್ಸ್‌ನ ಮಿದುಳು ಬ್ಯಾಂಕಿನವರೊಂದಿಗೂ ಮೊದಲೇ ಮಾತಾಡಿ, ಸಾವಿನ ನಂತರ ಅದಕ್ಕೆ ಕೆಲವೇ ಗಂಟೆಗಳ ಬಿಡುವಿರುತ್ತದೆ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಚೀಟಿಯ ಸಮೇತ, ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ.